ಬೀಗ ಹಾಕಿದ ಹಳೆಯ ಮನೆಯನ್ನು ಮಾರುವ ಮುನ್ನ ಏನೇನು ಮಾಡಿಸಬೇಕು?

ಪ್ರಶ್ನೆ (ಬರೆದವರು: ದೂರದಲ್ಲಿರುವ ಮಗಳು)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆಯವರು 1992ರಲ್ಲಿ ಕಟ್ಟಿಸಿದ ಒಂದಂತಸ್ತಿನ ಮನೆಯಿದೆ. ನಿವೇಶನ 30x40 ಅಡಿಯದು. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಬೆಂಗಳೂರಿಗೆ ಬಂದು ನಮ್ಮೊಡನೆ ಇದ್ದಾರೆ, ಹೀಗಾಗಿ ಮನೆಗೆ ಎರಡು ವರ್ಷಗಳಿಂದ ಬೀಗ. ಮಾರಲು ತಾಯಿ, ತಮ್ಮ ಮತ್ತು ನಾನು ಮೂವರೂ ಒಪ್ಪಿದ್ದೇವೆ. ಕಳೆದ ತಿಂಗಳು ದಲ್ಲಾಳಿಯೊಬ್ಬರು ಕರೆತಂದ ಮೂರು ಕುಟುಂಬಗಳು ಮನೆ ನೋಡಿ ಹೋದವು, ಯಾರೂ ಮತ್ತೆ ಫೋನ್ ಮಾಡಲಿಲ್ಲ. ಬಾಗಿಲು ತೆಗೆದ ಕೂಡಲೇ ಕಮಟು ವಾಸನೆ ಬರುತ್ತದೆ. ನಡುಮನೆಯಲ್ಲಿ ಬಚ್ಚಲಿಗೆ ಹೊಂದಿಕೊಂಡ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬಣ್ಣ ಉದುರಿ ಬಿಳಿಯ ಉಪ್ಪು ಕಾಣಿಸಿಕೊಂಡಿದೆ. ಇಡೀ ಮನೆಗೆ ಬಣ್ಣ ಹೊಡೆಸಿ, ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಹಾಕಿಸಿ, ಅಡುಗೆಮನೆಯನ್ನು ಮಾಡ್ಯುಲರ್ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತದೆಂದು ದಲ್ಲಾಳಿಯವರು ಹೇಳುತ್ತಾರೆ. ಅದಕ್ಕೆ ಅವರೇ ಹಾಕಿದ ಲೆಕ್ಕ ಸುಮಾರು 6 ಲಕ್ಷ ರೂಪಾಯಿ. ಕೊಳ್ಳುವವರು ಹೇಗೂ ಒಡೆದು ಹೊಸದನ್ನು ಕಟ್ಟುತ್ತಾರೆ, ಒಂದು ರೂಪಾಯಿಯನ್ನೂ ಹಾಕಬೇಡ ಎಂಬುದು ತಮ್ಮನ ವಾದ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಸಿವಿಲ್ ಎಂಜಿನಿಯರ್)

ಮೇಡಂ, ಮೊದಲು ವಾಸನೆಯ ವಿಚಾರ, ಏಕೆಂದರೆ ಅದಕ್ಕೆ ಒಂದು ಕೊಡ ನೀರು ಸಾಕು. ಬಚ್ಚಲ ನೆಲದ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ನುಗ್ಗದಂತೆ ತಡೆಯುವುದು ಆ ನೀರೇ. ಬಳಕೆಯಿಲ್ಲದ ಮನೆಯಲ್ಲಿ ಅದು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ, ಆ ದಾರಿಯಲ್ಲೇ ಜಿರಳೆಗಳೂ ಬರುತ್ತವೆ. ಯಾರಾದರೂ ನೋಡಲು ಬರುವ ಹಿಂದಿನ ದಿನ ಬಚ್ಚಲು, ಶೌಚಾಲಯ, ಪಾತ್ರೆ ತೊಳೆಯುವ ಜಾಗ, ಎಲ್ಲೆಡೆಯೂ ನೀರು ಸುರಿದು ಕಿಟಕಿಗಳನ್ನು ಇಡೀ ದಿನ ತೆರೆದಿಡಿ. ಊದುಬತ್ತಿ, ರೂಮ್ ಫ್ರೆಶ್‌ನರ್ ಬೇಡ. ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನಕ್ಕೆ ಅವೇ ದಾರಿ.

ಗೋಡೆಯ ತೇವಕ್ಕೆ ಕಾರಣ ಹುಡುಕುವವರೆಗೆ ಬಣ್ಣದವನನ್ನು ಒಳಗೆ ಬಿಡಬೇಡಿ. ಆ ಕಾಲದ ಮನೆಗಳಲ್ಲಿ ಗೋಡೆಯೊಳಗೆ ಜಿಐ (ಸತು ಲೇಪಿತ ಕಬ್ಬಿಣದ) ಪೈಪುಗಳೇ ಹೆಚ್ಚು, ಅವು ಒಳಗಿಂದೊಳಗೆ ತುಕ್ಕು ಹಿಡಿದು ಸೋರುತ್ತವೆ. ರಾತ್ರಿ ಮೇಲಿನ ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಗ್ಗೆ ನೀರು ಇಳಿದಿದ್ದರೆ ಸಾಮಾನ್ಯವಾಗಿ ದೋಷ ಪೈಪಿನದು, ಇಳಿಯದಿದ್ದರೆ ಬಚ್ಚಲ ನೆಲದ ಸೋರಿಕೆಯೋ ಪಾಯದಿಂದ ಏರುವ ತೇವವೋ ಇರಬೇಕು. ಸೋರಿಕೆ ಸರಿಪಡಿಸಿದ ಬಳಿಕ ಉಪ್ಪು ಹಿಡಿದ ಗಾರೆಯನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಇಟ್ಟಿಗೆ ಕಾಣುವಂತೆ ಕೆತ್ತಿಸಿ, ಕೆಲವು ವಾರ ಒಣಗಲು ಬಿಟ್ಟು, ಆಮೇಲೆ ಹೊಸ ಗಾರೆ ಮಾಡಿಸಿ. ಹಸಿ ಗೋಡೆಯ ಮೇಲೆ ಪುಟ್ಟಿ ಬಳಿದರೆ ಒಂದೇ ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ.

ರೆಡ್ ಆಕ್ಸೈಡ್ ನೆಲವನ್ನು ಮಾತ್ರ ದಯವಿಟ್ಟು ಮುಚ್ಚಿಸಬೇಡಿ. ಅದರ ಮೇಲೆ ಟೈಲ್ಸ್ ಕೂರಿಸಿದರೆ ನೆಲ ಏರುತ್ತದೆ, ಪ್ರತಿಯೊಂದು ಬಾಗಿಲನ್ನೂ ಕಳಚಿ ಕೆಳಗೆ ಕೊಯ್ಯಬೇಕಾಗುತ್ತದೆ. ಈ ಖರ್ಚು ದಲ್ಲಾಳಿಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚೆನ್ನಾಗಿ ತೊಳೆದು ಒಣಗಿಸಿ, ಬಟ್ಟೆಗೆ ಸ್ವಲ್ಪವೇ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಅಂಥ ನೆಲ ಕನ್ನಡಿಯಂತಾಗುತ್ತದೆ.

ಉತ್ತರ 2 (ಕಳೆದ ವರ್ಷ ಮನೆ ಕೊಂಡವರು)

ಕೊಳ್ಳುವವರ ಕಡೆಯಿಂದ ನಾಲ್ಕು ಮಾತು. ನಾವು ಹನ್ನೊಂದು ಮನೆ ನೋಡಿ ಹನ್ನೆರಡನೆಯದನ್ನು ಕೊಂಡೆವು. ಅವುಗಳಲ್ಲಿ ಒಂದರಲ್ಲಿ ಅಡುಗೆಮನೆಯ ಗೋಡೆಗೆ ಹಿಂದಿನ ವರ್ಷದ ಕ್ಯಾಲೆಂಡರ್ ಜೂನ್ ತಿಂಗಳಿನ ಹಾಳೆಯಲ್ಲೇ ನಿಂತಿತ್ತು. ಎಷ್ಟು ದಿನದಿಂದ ಮಾರಾಟಕ್ಕಿದೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ, ಹೇಳಿದ ಬೆಲೆಗಿಂತ ಬಹಳ ಇಳಿಸಿಯೇ ಕೇಳಿದೆವು. ಇನ್ನೊಂದು ಮನೆಯಲ್ಲಿ ಒಂದೇ ಒಂದು ಗೋಡೆಗೆ ಹೊಸ ಬಣ್ಣವಿತ್ತು, ನನ್ನ ಮಾವನವರು ನೇರವಾಗಿ ಹೋಗಿ ಅದರ ಮೇಲೆ ಅಂಗೈ ಇಟ್ಟು ನೋಡಿದರು, ತಣ್ಣಗಿತ್ತು, ಅಲ್ಲಿಗೆ ಮಾತುಕತೆ ಮುಗಿಯಿತು.

ಆದ್ದರಿಂದ ಹಳೆಯ ಟ್ರಂಕು, ಹಾಸಿಗೆ, ಔಷಧಿಯ ಡಬ್ಬಿಗಳನ್ನೆಲ್ಲ ಸಾಗಿಸಿಬಿಡಿ, ದೇವರ ಪಟಗಳನ್ನು ತೆಗೆದು ಗೂಡನ್ನು ಒರೆಸಿಡಿ, ಸುಟ್ಟ ಬಲ್ಬುಗಳನ್ನು ಬದಲಿಸಿ, ವಿದ್ಯುತ್ ಸಂಪರ್ಕವನ್ನು ಮಾತ್ರ ಕಡಿತಗೊಳಿಸಬೇಡಿ. ಬಂದವರು ಮೊದಲು ತಿರುಗಿಸಿ ನೋಡುವುದು ನಲ್ಲಿಯನ್ನು. ತುಕ್ಕಿನ ಬಣ್ಣದ ನೀರು ಬಂದರೆ ಮಾಡ್ಯುಲರ್ ಅಡುಗೆಮನೆಯೂ ಕಾಪಾಡಲಾರದು. ಅಡುಗೆಮನೆಯನ್ನಂತೂ ನಾವು ಕೊಂಡ ಮೇಲೆ ನಮಗೆ ಬೇಕಾದಂತೆ ಮಾಡಿಸಿಕೊಂಡೆವು, ಅದನ್ನು ಮಾರುವವರೇ ಮಾಡಿಸಿದ್ದರೆ ಅವರ ಅಭಿರುಚಿಗೆ ನಾವೇಕೆ ದುಡ್ಡು ಕೊಡಬೇಕಿತ್ತು?

ಉತ್ತರ 3 (ಕಾಗದಪತ್ರದ ಕೆಲಸದವರು)

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ, ಆದರೆ ಮೂರು ಕುಟುಂಬಗಳು ಸುಮ್ಮನಾದದ್ದಕ್ಕೆ ಗೋಡೆಯೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಖಾತೆ, ಅಂದರೆ ಪಾಲಿಕೆಯ ಆಸ್ತಿ ತೆರಿಗೆ ದಾಖಲೆ, ಯಾರ ಹೆಸರಿನಲ್ಲಿದೆ ಎಂಬುದನ್ನು ತಾವು ಬರೆದಿಲ್ಲ. ತಂದೆಯವರ ಹೆಸರಿನಲ್ಲೇ ಉಳಿದಿದ್ದರೆ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪಾಲಿಕೆಯಲ್ಲಿ ಅದನ್ನು ಬದಲಾಯಿಸಿ ಇ-ಖಾತಾ (ಗಣಕೀಕೃತ ಖಾತೆ) ಪಡೆಯುವುದೇ ಮೊದಲ ಕೆಲಸವಾಗಬೇಕು, ಏಕೆಂದರೆ ಅದಿಲ್ಲದೆ ಈಗ ಕ್ರಯಪತ್ರ ನೋಂದಣಿಯಾಗುವುದಿಲ್ಲ. ವಿಲ್ ಇಲ್ಲದಿದ್ದರೆ, ತಂದೆಯವರ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಮಗ, ಮಗಳಿಗೆ ಸಮಪಾಲು. ಮೂವರೂ ಸಹಿ ಹಾಕಬೇಕು.

ಮತ್ತೊಂದು ಮುಖ್ಯ ಸಂಗತಿ. 1988ರಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಗುವ ಮುನ್ನ ಅದರ ಜಾಗದಲ್ಲಿದ್ದ ಸಿಐಟಿಬಿ (ನಗರ ಸುಧಾರಣಾ ಮಂಡಳಿ) ಹಂಚಿದ ನಿವೇಶನವಾಗಿದ್ದರೆ, ಮೊದಲು ಆಗಿರುವುದು ಲೀಸ್-ಕಂ-ಸೇಲ್ ಕರಾರು, ಅಂದರೆ ಮೊದಲು ಗುತ್ತಿಗೆ, ಆಮೇಲೆ ಮಾರಾಟ ಎಂಬ ಒಪ್ಪಂದ. ಅವಧಿ ಮುಗಿದ ಮೇಲೆ ಪೂರ್ಣ ಕ್ರಯಪತ್ರ ಮಾಡಿಸಿಕೊಳ್ಳಬೇಕಿತ್ತು. ಮನೆ ಕಟ್ಟಿಯಾಯಿತಲ್ಲ ಎಂದು ಅಷ್ಟಕ್ಕೇ ಬಿಟ್ಟ ಹಿರಿಯರು ಅನೇಕರಿದ್ದಾರೆ. ಋಣಭಾರ ಪ್ರಮಾಣಪತ್ರದಲ್ಲಿ (ಇಸಿ, ಆಸ್ತಿಯ ಮೇಲಿನ ನೋಂದಾಯಿತ ಸಾಲ, ವಹಿವಾಟುಗಳ ಪಟ್ಟಿ) 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿಯ ಕಚೇರಿಗೆ ಅರ್ಜಿ ಕೊಡಬೇಕು. ಇವುಗಳ ಜೊತೆಗೆ ಮಂಜೂರಾದ ನಕ್ಷೆ ಮತ್ತು ಈ ಸಾಲಿನವರೆಗಿನ ಕಂದಾಯ ರಸೀದಿಗಳ ನಕಲನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡು, ಕೇಳಿದ ಕೂಡಲೇ ಕೈಗೆ ಕೊಡಿ.

ತೇವವನ್ನು ಮರೆಮಾಚುವುದರಲ್ಲಿ ಕಾನೂನಿನ ತೊಡಕೂ ಉಂಟು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಹಿಡಿಯಲಾಗದ, ಮಾರುವವರಿಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು.

ತಮ್ಮನವರ ವಾದವೂ ಪೂರ್ತಿ ತಪ್ಪಲ್ಲ. ಒಡೆದು ಕಟ್ಟುವವರು ನಿವೇಶನದ ಬೆಲೆಯನ್ನಷ್ಟೇ ಲೆಕ್ಕ ಹಾಕುತ್ತಾರೆ. ಆದರೆ ವಾಸಕ್ಕೆ ಕೊಳ್ಳುವವರೂ ಬೆಲೆ ಕೇಳುವ ಸ್ಥಿತಿಯಲ್ಲಿ ಮನೆಯಿದ್ದರೆ ಚೌಕಾಸಿಯಲ್ಲಿ ಮಾರುವವರಾದ ತಮ್ಮ ಕೈ ಮೇಲಾಗುತ್ತದೆ. ಆಷಾಢದಲ್ಲಿ ಮುಂಗಡ ಕೊಡಲು ಜನ ಹಿಂಜರಿಯುತ್ತಾರೆ, ಆ ತಿಂಗಳನ್ನು ರಿಪೇರಿಗೂ ಖಾತೆಗೂ ಇಟ್ಟುಕೊಂಡು ಶ್ರಾವಣದಲ್ಲಿ ಮನೆ ತೋರಿಸಲು ಶುರುಮಾಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಶನಿವಾರ ತಮ್ಮನೇ ಮೈಸೂರಿಗೆ ಹೋಗಿ ಟ್ಯಾಂಕಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ಬೆಳಗ್ಗೆ ನೋಡಿದರೆ ನೀರು ಐದು ಇಂಚು ಇಳಿದಿತ್ತು. ಪ್ಲಂಬರ್ ಗೋಡೆ ಒಡೆದಾಗ ಬಚ್ಚಲ ನಲ್ಲಿಗೆ ಹೋಗುವ ಪೈಪಿನ ಮೊಣಕೈ ಪೂರ್ತಿ ತಿಂದುಹೋಗಿರುವುದು ಕಂಡುಬಂದಿದೆ. ಟೈಲ್ಸ್ ಮತ್ತು ಅಡುಗೆಮನೆಯ ಯೋಚನೆಯನ್ನು ಕೈಬಿಟ್ಟಿದ್ದೇವೆ. ಖಾತೆ ಇನ್ನೂ ತಂದೆಯವರ ಹೆಸರಿನಲ್ಲೇ ಇದೆ. ತಾಯಿಯವರ ಟ್ರಂಕಿನಲ್ಲಿ ಸಿಕ್ಕಿದ್ದು 1984ರ ಲೀಸ್-ಕಂ-ಸೇಲ್ ಕರಾರು ಮಾತ್ರ, ಕ್ರಯಪತ್ರವಿಲ್ಲ. ಸೋಮವಾರ ಪ್ರಾಧಿಕಾರದ ಕಚೇರಿಗೆ ಹೋಗುತ್ತಿದ್ದೇವೆ. ಹಂಚಿಕೆದಾರರು ತೀರಿಕೊಂಡಿರುವಾಗ ಅಲ್ಲಿ ವಾರಸುದಾರರಿಂದ ಏನೇನು ದಾಖಲೆ ಕೇಳುತ್ತಾರೆಂದು ಬಲ್ಲವರು ತಿಳಿಸಿದರೆ ಒಂದು ಓಡಾಟ ಉಳಿಯುತ್ತದೆ.