4 ಟನ್ ಗಾಡಿ, ಬರೀ 72 ಬ್ಲಾಕ್‌ಗೆ ಕೆಂಪು ಲೈಟ್ ಯಾಕೆ?

ಸಿಂಧನೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸರ್ಜಾಪುರ ರಸ್ತೆ ಹತ್ತಿರ ಒಂದು ಅಪಾರ್ಟ್‌ಮೆಂಟ್ ಸೈಟ್‌ನಲ್ಲಿ ಟೆಲಿಹ್ಯಾಂಡ್ಲರ್ (ಉದ್ದ ತೋಳು, ಅಂದರೆ ಬೂಮ್ ಚಾಚಿ ಭಾರ ಎತ್ತುವ ಗಾಡಿ) ಓಡಿಸುತ್ತೇನೆ. ಮೊದಲು ಬ್ಯಾಕ್‌ಹೋ ಓಡಿಸುತ್ತಿದ್ದೆ, ಇದಕ್ಕೆ ಬಂದು ನಾಲ್ಕು ತಿಂಗಳಾಯಿತು. 4 ಟನ್ ಎತ್ತುವ ಗಾಡಿ, 17 ಮೀಟರ್ ಬೂಮ್.

ಶನಿವಾರ ಮೂರನೇ ಮಹಡಿ ಸ್ಲ್ಯಾಬ್‌ಗೆ ಎಎಸಿ ಬ್ಲಾಕ್ (ಗೋಡೆ ಕಟ್ಟುವ ಹಗುರ ಸಿಮೆಂಟ್ ಬ್ಲಾಕ್) ಎತ್ತಿದೆ. 600-200-200 ಮಿಮೀ ಸೈಜಿನದು, ಪ್ಯಾಲೆಟ್‌ಗೆ 72. ಏನೂ ತೊಂದರೆ ಆಗಲಿಲ್ಲ. ಭಾನುವಾರ ಜೋರು ಮಳೆ. ಇವತ್ತು ಅದೇ 72 ಬ್ಲಾಕ್, ಅದೇ ಸ್ಲ್ಯಾಬ್. ಬೂಮ್ ಚಾಚುತ್ತಿದ್ದಂತೆ ಭಾರದ ಎಚ್ಚರಿಕೆ ಲೈಟ್ ಹಳದಿ, ಆಮೇಲೆ ಕೆಂಪು, ಕೀಂ ಅಂತ ಸದ್ದು, ಬೂಮ್ ನಿಂತೇ ಹೋಯಿತು. ಲೋಡ್ ಚಾರ್ಟ್‌ನಲ್ಲಿ (ಬೂಮ್ ಎಷ್ಟು ಚಾಚಿದರೆ ಎಷ್ಟು ಎತ್ತಬಹುದು ಅನ್ನೋ ಹಾಳೆ) ಆ ಜಾಗಕ್ಕೆ 2000 ಕೆಜಿ ಅಂತಿದೆ. ಸೂಪರ್‌ವೈಸರ್ ‘4 ಟನ್ ಗಾಡಿಗೆ ಒಂದು ಟನ್ ಭಾರನಾ? ಸೆನ್ಸಾರ್ ಕೆಟ್ಟಿದೆ, ಕೀ ಹಾಕಿ ಬೈಪಾಸ್ ಮಾಡು’ ಅಂತಾರೆ. ಕೀ ಅವರ ಹತ್ತಿರವೇ ಇದೆ. ಮಾಡಬಹುದಾ?

ಹೈಡ್ರಾ ಹುಡುಗ:
ಮಳೆ ನೀರು ಹೋಗಿ ಸೆನ್ಸಾರ್ ಹಾಗೆ ಆಡುತ್ತೆ ಗುರು. ಆಫ್ ಮಾಡಿ ಆನ್ ಮಾಡು, ಸರಿ ಹೋಗುತ್ತೆ.

ಕೊಪ್ಪಳದ ಅಣ್ಣ:
ತಮ್ಮಾ, ಕೀ ಮುಟ್ಟಬೇಡ. ಮೊದಲು ಎರಡು ಪ್ರಶ್ನೆಗೆ ಉತ್ತರ ಹೇಳು. ಇವತ್ತು ಜಾಕ್ (ಗಾಡಿ ವಾಲದಂತೆ ನೆಲಕ್ಕೆ ಊರುವ ಕಾಲು) ಇಳಿಸಿದ್ದೆಯಾ? ಬ್ಲಾಕ್ ಮೇಲೆ ಟಾರ್ಪಾಲ್ ಇತ್ತಾ?

ಸಿಂಧನೂರು ಹುಡುಗ:
ಜಾಕ್ ಇಳಿಸಿರಲಿಲ್ಲ ಅಣ್ಣ. ಕೆಸರಲ್ಲಿ ಪಾದ ಹೂತು ಹೋಗುತ್ತಿತ್ತು, ಅದಕ್ಕೆ ಟೈರ್ ಮೇಲೇ ಎತ್ತಿದೆ. ಟಾರ್ಪಾಲ್ ಹೊದಿಸಿರಲಿಲ್ಲ, ಬ್ಲಾಕ್ ಪೂರ್ತಿ ನೆನೆದಿವೆ.

ಕೊಪ್ಪಳದ ಅಣ್ಣ:
ಹಾಗಾದರೆ ಸೆನ್ಸಾರ್ ಸರಿಯಾಗೇ ಇದೆ. ನೀನು ಓದಿದ್ದು ಬೇರೆ ಚಾರ್ಟ್. ಕ್ಯಾಬಿನ್‌ನಲ್ಲಿ ಎರಡು ಹಾಳೆ ಇರುತ್ತವೆ. ಒಂದರ ಚಿತ್ರದಲ್ಲಿ ಜಾಕ್ ಇಳಿದಿರುತ್ತೆ, ಇನ್ನೊಂದರಲ್ಲಿ ಗಾಡಿ ಟೈರ್ ಮೇಲೆ ನಿಂತಿರುತ್ತೆ. ಈಗಲೇ ಹೋಗಿ ನೋಡು, ಅದೇ ಜಾಗಕ್ಕೆ ಟೈರ್ ಚಾರ್ಟ್‌ನಲ್ಲಿ ಎಷ್ಟಿದೆ ಅಂತ.

ಇನ್ನು ಭಾರ. ಆ ಸೈಜಿನ ಬ್ಲಾಕ್ ಒಣಗಿದ್ದರೆ ಸುಮಾರು 15 ಕೆಜಿ. ನೀರು ಕುಡಿದರೆ 20 ಆಗುವುದು ದೊಡ್ಡ ಮಾತಲ್ಲ. 72ಕ್ಕೆ 1440 ಕೆಜಿ. ಮರದ ಪ್ಯಾಲೆಟ್ ಭಾರವನ್ನೂ ಲೆಕ್ಕಕ್ಕೆ ಸೇರಿಸಬೇಕು. ಫೋರ್ಕ್ ಬಿಚ್ಚಿ ಜಿಬ್ (ಕೊಕ್ಕೆ ಇರುವ ತೋಳು) ಹಾಕಿದ್ದರೆ ಆ ಜಿಬ್‌ಗೆ ಅಂತಲೇ ಇರುವ ಚಾರ್ಟ್ ನೋಡಬೇಕು. 4 ಟನ್ ಅನ್ನೋದು ಬೂಮ್ ಪೂರ್ತಿ ಒಳಗಿದ್ದಾಗಿನ ಮಾತು. ನಾನು ಓಡಿಸಿದ ಅಂಥದ್ದೇ ಗಾಡಿಯಲ್ಲಿ, ಜಾಕ್ ಇಳಿಸಿಯೂ, ಬೂಮ್ ಪೂರ್ತಿ ಮುಂದಕ್ಕೆ ಚಾಚಿದರೆ 600 ಕೆಜಿ ಮಾತ್ರ. ಇದನ್ನು ನಿನ್ನ ಸೂಪರ್‌ವೈಸರ್‌ಗೆ ತೋರಿಸು.

ನಾನು ಮಾಡೋದು ಹೀಗೆ. ಭಾರ ಇಲ್ಲದೆ ಬರೀ ಫೋರ್ಕ್ ಅನ್ನು ಸ್ಲ್ಯಾಬ್‌ವರೆಗೆ ಒಯ್ಯುತ್ತೇನೆ. ಬೂಮ್ ಪಕ್ಕದ ಡಯಲ್‌ನಲ್ಲಿ ಎಷ್ಟು ಡಿಗ್ರಿ, ಒಳಬೂಮ್ ಮೇಲೆ ಯಾವ ಅಕ್ಷರದವರೆಗೆ ಹೊರಬಂದಿದೆ, ಎರಡನ್ನೂ ಅಂಗೈಯಲ್ಲಿ ಪೆನ್ನಿಂದ ಬರೆದುಕೊಳ್ಳುತ್ತೇನೆ. ಅವೆರಡೂ ಚಾರ್ಟ್‌ನಲ್ಲಿ ಎಲ್ಲಿ ಸೇರುತ್ತವೋ ಆ ಮನೆಯ ಅಂಕಿಯೇ ನನ್ನ ಮಿತಿ. ಗೆರೆ ಹತ್ತಿರ ಬಂದರೆ ಕಡಿಮೆ ಅಂಕಿ ಹಿಡಿಯೋದು. ಚಾಚು ಅಳೆಯೋದು ಮುಂದಿನ ಟೈರ್‌ನ ಮುಖದಿಂದ, ನಿನ್ನ ಸೀಟಿನಿಂದ ಅಲ್ಲ. ಪ್ಯಾಲೆಟ್ ಫೋರ್ಕ್‌ನ ಹಿಮ್ಮಡಿಗೆ ತಾಗಿ ಕೂತಿರಬೇಕು. ಒಂದಡಿ ಮುಂದೆ ಉಳಿದರೂ ಆ ಲೆಕ್ಕ ಕೆಟ್ಟಿತು. ಲೆವೆಲ್ ಗುಳ್ಳೆ ನಡುವೆ ಇದೆಯಾ ಅಂತಲೂ ನೋಡು, ಅದು ವಾಲಿದ್ದರೆ ಚಾರ್ಟ್‌ಗೆ ಬೆಲೆ ಇಲ್ಲ.

ಇನ್ನೊಂದು ಮಾತು. ಕೆಂಪು ಬಂದಾಗ ಗಾಬರಿಯಲ್ಲಿ ಬೂಮ್ ಇಳಿಸಬೇಡ. ಇಳಿಸುತ್ತಾ ಹೋದಂತೆ ಭಾರ ಗಾಡಿಯಿಂದ ಇನ್ನೂ ದೂರ ಹೋಗುತ್ತೆ. ಮೊದಲು ಒಳಗೆ ಎಳೆ, ಆಮೇಲೆ ಇಳಿಸು. 2014ರಲ್ಲಿ ಕತಾರ್‌ನಲ್ಲಿದ್ದಾಗ ನಾನೇ ಇಳಿಸಿದ್ದೆ. ಹಳೇ ಗಾಡಿ, ಸದ್ದು ಮಾಡುತ್ತಿತ್ತು, ಬೂಮ್ ತಡೆಯುತ್ತಿರಲಿಲ್ಲ. ಹಿಂದಿನ ಚಕ್ರ ಒಂದು ಗೇಣು ಮೇಲೆದ್ದವು. ಪುಣ್ಯಕ್ಕೆ ಪ್ಯಾಲೆಟ್ ಸ್ಲ್ಯಾಬ್ ಅಂಚಿಗೆ ತಾಗಿ ನಿಂತಿತು. ಅವತ್ತು ಕೆಳಗಿಳಿದು ಅರ್ಧ ಗಂಟೆ ಮರಳ ಮೇಲೆ ಕೂತಿದ್ದೆ, ಟೀ ಲೋಟ ಹಿಡಿಯೋಕೂ ಕೈ ನಿಲ್ಲುತ್ತಿರಲಿಲ್ಲ.

@ಹೈಡ್ರಾ ಹುಡುಗ, ಬಹಳಷ್ಟು ಗಾಡಿಗಳಲ್ಲಿ ಆ ಸೆನ್ಸಾರ್ ಹಿಂದಿನ ಆಕ್ಸಲ್ ಮೇಲೆ ಇರುತ್ತೆ. ಹಿಂಬದಿ ಎಷ್ಟು ಹಗುರ ಆಯಿತು ಅಂತ ಅದು ಹೇಳುತ್ತೆ. ಕೆಂಪು ಅಂದರೆ ಚಕ್ರ ಏಳೋಕೆ ತಯಾರಾಗಿದೆ ಅಂತ. ಆಫ್-ಆನ್ ಮಾಡಿದರೆ ಭಾರ ಕಮ್ಮಿ ಆಗುತ್ತಾ?

ಸ್ಟೋರ್ ಮಂಜಣ್ಣ:
ಭಾರ ಊಹೆ ಯಾಕೆ? ಲಾರಿ ಜೊತೆ ವೇ ಬ್ರಿಡ್ಜ್ ಚೀಟಿ ಬಂದಿರುತ್ತೆ, ಸ್ಟೋರ್‌ನಲ್ಲಿ ಕೇಳಿ. ಖಾಲಿ ಲಾರಿ ಭಾರ ಕಳೆದು ಬ್ಲಾಕ್ ಸಂಖ್ಯೆಯಿಂದ ಭಾಗಿಸಿ. ಕಾರ್ಖಾನೆಯಿಂದ ಹೊಸದಾಗಿ ಬಂದ ಬ್ಲಾಕ್ ಮಳೆ ಇಲ್ಲದಿದ್ದರೂ ತೇವ ಇರುತ್ತೆ, ಕ್ಯಾಟಲಾಗ್ ಅಂಕಿ ನಂಬಬೇಡಿ. ಆದರೆ ಮಳೆಗೆ ಮುಂಚೆ ಬಂದ ಲೋಡ್ ಆದರೆ ಚೀಟಿ ಪ್ರಯೋಜನಕ್ಕಿಲ್ಲ. ನೆನೆದ ನಾಲ್ಕು ಬ್ಲಾಕ್ ಸ್ಟೋರ್ ತಕ್ಕಡಿಗೆ ಇಡಿ, ಮುಗೀತು.

ಸಿಂಧನೂರು ಹುಡುಗ:
ಅಣ್ಣ, ನೋಡಿ ಬಂದೆ. ಟೈರ್ ಚಾರ್ಟ್‌ನಲ್ಲಿ ಆ ಮನೆಗೆ 1000. ನಾಲ್ಕು ಬ್ಲಾಕ್ ತೂಗಿದರೆ 82 ಕೆಜಿ ಬಂತು. ಇಷ್ಟು ದಿನ ಎರಡನೇ ಹಾಳೆ ತಿರುವಿಯೇ ನೋಡಿರಲಿಲ್ಲ, ನಾಚಿಕೆ ಆಗುತ್ತೆ. 48 ಹಾಕಲಾ?

ಕೊಪ್ಪಳದ ಅಣ್ಣ:
48ಕ್ಕೇ 984 ಆಯಿತು, ಪ್ಯಾಲೆಟ್ ಸೇರಿದರೆ ಗೆರೆ ದಾಟುತ್ತೆ. 40 ಹಾಕು. ನಾಳೆ ಜಲ್ಲಿ ಹಾಕಿಸಿ ನೆಲ ಬಿಗಿ ಮಾಡಿಸು, ಜಾಕ್ ಕೆಳಗೆ ದಪ್ಪ ಮರದ ಹಲಗೆ ಕೊಡು. ಆಮೇಲೆ 72 ಎತ್ತು, ಬೇಡ ಅನ್ನಲ್ಲ.

ಸಿಂಧನೂರು ಹುಡುಗ:
40ರ ಲೆಕ್ಕದಲ್ಲಿ ಸಂಜೆವರೆಗೆ ಒಂಬತ್ತು ಟ್ರಿಪ್ ಆಯಿತು, ಹಳದಿಯೂ ಬರಲಿಲ್ಲ. ಜಲ್ಲಿ ನಾಳೆ ಬರುತ್ತೆ ಅಂದಿದ್ದಾರೆ. ಸೂಪರ್‌ವೈಸರ್ ಮಧ್ಯಾಹ್ನದಿಂದ ನನ್ನ ಜೊತೆ ಮಾತಾಡಿಲ್ಲ. ಕೀ ಇನ್ನೂ ಅವರ ಜೇಬಲ್ಲೇ ಇದೆ.