ಹೆರಿಗೆ ವಾರ್ಡಿನ ಪೋಸ್ಟಿಂಗ್: ತಾಯಿಗೆ ಹಿಂಸೆಯಾಗದಂತೆ ಕಲಿಯುವುದು ಹೇಗೆ?

ಪ್ರಶ್ನೆ (ಎಂಬಿಬಿಎಸ್ ಅಂತಿಮ ವರ್ಷದ ವಿದ್ಯಾರ್ಥಿ)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಓದುತ್ತಿದ್ದು, ಈಗ ಒಬಿಜಿ (ಪ್ರಸೂತಿ ಮತ್ತು ಸ್ತ್ರೀರೋಗ) ಪೋಸ್ಟಿಂಗ್‌ನಲ್ಲಿದ್ದೇನೆ. ನಮ್ಮ ಲೇಬರ್ ರೂಮಿನಲ್ಲಿ ಒಂದೊಂದು ಮಂಚದ ಸುತ್ತ ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು), ಹೌಸ್ ಸರ್ಜನ್‌ಗಳು, ನರ್ಸಿಂಗ್ ವಿದ್ಯಾರ್ಥಿಗಳು ನಿಂತಿರುತ್ತಾರೆ. ಅವರ ಬೆನ್ನ ಹಿಂದೆ ನಮ್ಮ ಬ್ಯಾಚು. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದನ್ನು ಕಲಿಯಲೆಂದು ಒಬ್ಬರಾದ ಮೇಲೆ ಒಬ್ಬರು ಪಿವಿ (ಯೋನಿಯೊಳಗೆ ಬೆರಳಿಟ್ಟು ಮಾಡುವ ಪರೀಕ್ಷೆ) ಮಾಡುವುದನ್ನು ನೋಡಿದ್ದೇನೆ. ಬೇನೆ ತಿನ್ನುತ್ತಿದ್ದ ಆ ಹೆಣ್ಣುಮಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಕೆ ಗೋಡೆಯ ಕಡೆ ಮುಖ ಮಾಡಿ, ಮಂಚದ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ನಾನು ಹುಡುಗನಾದ್ದರಿಂದ ಇನ್ನೊಂದು ತೊಡಕೂ ಇದೆ. ಎಷ್ಟೋ ಸಲ ಮನೆಯವರು ಗಂಡು ಡಾಕ್ಟರು ಬೇಡ ಎನ್ನುತ್ತಾರೆ, ನಾನು ಹೊರಗೆ ಬರುತ್ತೇನೆ. ಹೀಗೆ ಹಿಂದೆ ಸರಿಯುತ್ತಲೇ ಹೋದರೆ ಏನೂ ಕಲಿಯದೆ ಡಾಕ್ಟರಾಗುತ್ತೇನೆ. ಮುಂದೆ ನುಗ್ಗಿದರೆ ಆ ತಾಯಿಯ ನೋವಿಗೆ ನಾನೂ ಒಂದು ಕಾರಣವಾಗುತ್ತೇನೆ. ಇಂಟರ್ನ್‌ಶಿಪ್‌ನಲ್ಲಿ ಈ ವಿಭಾಗಕ್ಕೆ ಸಿಗುವುದು ಕುಟುಂಬ ಯೋಜನೆಯೂ ಸೇರಿ 7 ವಾರ ಮಾತ್ರ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 (ಒಬಿಜಿ ಪ್ರಾಧ್ಯಾಪಕಿ)

ಈ ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದಿರುವುದೇ ನನಗೆ ಸಮಾಧಾನ ತಂದಿದೆ. ನೀವು ಕಂಡದ್ದು ನೋಡುವವರಿಗೆ ಸಂಕೋಚ ತರುವ ವಿಷಯವಷ್ಟೇ ಅಲ್ಲ, ಅದು ವೈದ್ಯಕೀಯವಾಗಿಯೂ ತಪ್ಪು. ಹೆರಿಗೆಯ ಮೊದಲ ಹಂತದಲ್ಲಿ ಬೇರೆ ಕಾರಣವಿಲ್ಲದಿದ್ದರೆ ನಾಲ್ಕು ಗಂಟೆಗೊಮ್ಮೆ ಪಿವಿ ಮಾಡಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬಳೇ ತಾಯಿಯನ್ನು ಹಲವರು ಪರೀಕ್ಷಿಸುವುದನ್ನು ತಪ್ಪಿಸಬೇಕೆಂದೂ ಅದೇ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ, ಏಕೆಂದರೆ ಪ್ರತಿಯೊಂದು ಪರೀಕ್ಷೆಯೂ ಸೋಂಕಿಗೆ ದಾರಿ. ನೀರು ಒಡೆದ ಮೇಲಂತೂ ಇನ್ನೂ ಹೆಚ್ಚು. ಕಲಿಯುವವರ ಕೈಯಿಂದಲೇ ತಾಯಂದಿರು ಸತ್ತ ಇತಿಹಾಸ ನಮ್ಮ ವಿಷಯಕ್ಕಿದೆ. ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಾರ್ಡಿನಲ್ಲಿ, ಸೂಲಗಿತ್ತಿಯರು ಕಲಿಯುತ್ತಿದ್ದ ವಾರ್ಡಿಗಿಂತ ಬಹಳ ಹೆಚ್ಚು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದ ಕೈಯಲ್ಲೇ ವಿದ್ಯಾರ್ಥಿಗಳು ಹೆರಿಗೆ ವಾರ್ಡಿಗೆ ಬರುತ್ತಿದ್ದುದು ಕಾರಣವೆಂದು ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಗುರುತಿಸಿ, 1847ರಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಿಸಿದ ಮೇಲೆ ಸಾವು ಇಳಿಯಿತು.

ಈಗ ಕಲಿಕೆಯ ವಿಷಯಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಪಿವಿಯೇ ಹೆರಿಗೆಯ ಕಲಿಕೆ ಎಂದುಕೊಂಡಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮುಕ್ಕಾಲು ಪಾಲು ಕಲಿಕೆ ಹೊಟ್ಟೆಯ ಮೇಲಿಟ್ಟ ಕೈಯಲ್ಲಿದೆ. ತಾಯಿಯನ್ನು ಕೇಳಿಕೊಂಡು, ಅಂಗೈಯನ್ನು ಬೆಚ್ಚಗೆ ಮಾಡಿಕೊಂಡು ಗರ್ಭಕೋಶದ ಮೇಲ್ಭಾಗದಲ್ಲಿ ಇಡಿ, ಎದುರಿಗೆ ಗಡಿಯಾರವಿರಲಿ. ಹತ್ತು ನಿಮಿಷದಲ್ಲಿ ಎಷ್ಟು ಸಲ ಹೊಟ್ಟೆ ಗಟ್ಟಿಯಾಯಿತು, ಪ್ರತಿ ಸಲ ಎಷ್ಟು ಸೆಕೆಂಡು ಹಾಗೇ ಇತ್ತು, ನಡುವೆ ಪೂರ್ತಿ ಸಡಿಲವಾಯಿತೇ ಎಂಬುದನ್ನು ಬರೆದುಕೊಳ್ಳಿ. ಮಗುವಿನ ತಲೆಯನ್ನು ಐದು ಭಾಗವೆಂದು ಭಾವಿಸಿದರೆ, ಸೊಂಟದ ಮೂಳೆಯ ಅಂಚಿನಿಂದ ಮೇಲೆ ಇನ್ನೂ ಎಷ್ಟು ಭಾಗ ನಿಮ್ಮ ಬೆರಳುಗಳಿಗೆ ಸಿಗುತ್ತದೆ ಎಂಬುದರಿಂದಲೇ ತಲೆ ಎಷ್ಟು ಇಳಿದಿದೆ ಎಂದು ಹೇಳಬಹುದು. ಅದಕ್ಕೆ ಪಿವಿ ಬೇಕಾಗಿಲ್ಲ. ಮಗುವಿನ ಹೃದಯ ಬಡಿತ ನಿಮಿಷಕ್ಕೆ 110ರಿಂದ 160ರ ಒಳಗಿದೆಯೇ ಎಂಬುದನ್ನು, ವಿಶೇಷವಾಗಿ ಬೇನೆ ಇಳಿದ ಕೂಡಲೇ, ಕೇಳಿ ನೋಡಿ. ಇವೆಲ್ಲವನ್ನೂ ಪಾರ್ಟೋಗ್ರಾಫಿನಲ್ಲಿ (ಹೆರಿಗೆಯ ಪ್ರಗತಿ ಗುರುತಿಸುವ ನಕ್ಷೆ) ನೀವೇ ತುಂಬಿ. ಡ್ಯೂಟಿಯಲ್ಲಿರುವ ಪಿಜಿ ಪಿವಿ ಮಾಡಿ 6 ಸೆಂಟಿಮೀಟರ್ ಎಂದು ಹೇಳುವ ಮೊದಲೇ, ಈ ಹೆರಿಗೆ ಮುಂದುವರಿಯುತ್ತಿದೆಯೇ ನಿಂತಿದೆಯೇ ಎಂದು ಊಹಿಸಿ ಬರೆದಿಟ್ಟು, ಆಮೇಲೆ ತಾಳೆ ನೋಡಿ. ಹತ್ತು ಮಂಚಗಳ ಸುತ್ತ ಓಡಾಡುವ ಬದಲು ಒಬ್ಬ ತಾಯಿಯ ಬಳಿ ಬೇನೆ ಶುರುವಾದಾಗಿನಿಂದ ಕಸ (ಮಾಸು) ಬೀಳುವವರೆಗೆ, ಅದಾದ ಮೇಲೂ ಎರಡು ಗಂಟೆ, ಕುಳಿತವರಿಗೆ ಹೆರಿಗೆ ಅರ್ಥವಾಗುತ್ತದೆ.

ಪಿವಿಯನ್ನೂ ಕಲಿಯಲೇಬೇಕು. ಆದರೆ ಮೊದಲು ಸ್ಕಿಲ್ ಲ್ಯಾಬಿನ ಮಾದರಿಗಳ ಮೇಲೆ ಬೆರಳು ಪಳಗಲಿ. ಅನಂತರ, ಹೇಗೂ ಮಾಡಲೇಬೇಕಾದ ಪರೀಕ್ಷೆಯ ಹೊತ್ತಿಗೆ, ತಾಯಿಯ ಒಪ್ಪಿಗೆಯಿದ್ದರೆ, ಒಬ್ಬ ವಿದ್ಯಾರ್ಥಿ ಮಾತ್ರ ಹಿರಿಯರ ಜೊತೆ ಮಾಡಲಿ. ಒಪ್ಪಿಗೆಯನ್ನು ಆಕೆ ಅಡ್ಮಿಟ್ ಆದಾಗ, ಮಾತಾಡುವಷ್ಟು ನೆಮ್ಮದಿಯಿದ್ದಾಗ ಕೇಳಬೇಕು; ಬೇನೆಯ ನಡುವೆ ಹಲ್ಲು ಕಚ್ಚಿ ಆಡಿಸಿದ ತಲೆಯನ್ನು ಒಪ್ಪಿಗೆ ಎನ್ನಲಾಗದು.

ಉತ್ತರ 2 (ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ)

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಒಂದು ಆತಂಕವನ್ನು ಇಲ್ಲಿ ಹೇಳಲೇಬೇಕು. ವಿದ್ಯಾರ್ಥಿಯ ಸಂಕೋಚವನ್ನು ನಾವು ಗೌರವಿಸುತ್ತ ಹೋಗಿ, ಕೈಗೆ ಕೆಲಸವೇ ಸಿಗದಂತಾದರೆ ಅದರ ಬೆಲೆ ತೆರುವವಳು ಇನ್ನೊಬ್ಬ ತಾಯಿ. 2018-20ರ ಮಾದರಿ ನೋಂದಣಿ ಅಂಕಿಅಂಶದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರೆ, ಪಕ್ಕದ ಕೇರಳದಲ್ಲಿ ಆ ಸಂಖ್ಯೆ 19. ಈ ಅಂತರಕ್ಕೆ ಕಾರಣ ಹಲವು. ಆದರೆ ರಾತ್ರಿ ಎರಡು ಗಂಟೆಗೆ ರಕ್ತ ನಿಲ್ಲದ ಬಾಣಂತಿಯ ಮುಂದೆ ಒಬ್ಬನೇ ನಿಂತಿರುವ ವೈದ್ಯನ ಕೈ ನಡುಗದಿರುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 108 ಬರುವ ತನಕ ಆಕೆಗೆ ಇರುವವರು ನೀವು ಮತ್ತು ಒಬ್ಬ ನರ್ಸ್.

ಆದ್ದರಿಂದ ಈ ಪೋಸ್ಟಿಂಗ್ ಮುಗಿಯುವುದರೊಳಗೆ ಕೆಲವನ್ನು ಕಣ್ಣು ಮುಚ್ಚಿದರೂ ಮಾಡುವಂತೆ ಕಲಿಯಿರಿ. ಮಗು ಹುಟ್ಟಿದ ಕೂಡಲೇ ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ 10 ಯೂನಿಟ್ ಕೊಡುವುದು, ಹೊಕ್ಕುಳಬಳ್ಳಿಯನ್ನು ಹದವಾಗಿ ಎಳೆಯುವಾಗ ಇನ್ನೊಂದು ಕೈಯಿಂದ ಗರ್ಭಕೋಶವನ್ನು ಮೇಲಕ್ಕೆ ತಡೆಹಿಡಿಯುವುದು, ಬಿದ್ದ ಕಸವನ್ನು ಅಂಗೈ ಮೇಲೆ ಹರಡಿ ಚೂರು ಉಳಿದಿದೆಯೇ ಎಂದು ನೋಡುವುದು. ಇವು ಪ್ರತಿ ಹೆರಿಗೆಯಲ್ಲೂ ಇರುವುದರಿಂದ ಕೇಳಿದರೆ ಅವಕಾಶ ಸಿಗುತ್ತದೆ. ರಕ್ತಸ್ರಾವಕ್ಕೆ ಎರಡೂ ಕೈಗಳಿಂದ ಗರ್ಭಕೋಶ ಒತ್ತಿಹಿಡಿಯುವುದು, ಮೂರು ಗಂಟೆಯೊಳಗೆ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಫಿಟ್ಸ್ ಬಂದ ಗರ್ಭಿಣಿಗೆ ಕಳುಹಿಸುವ ಮೊದಲು ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಮ್ಯಾಗ್ನೀಸಿಯಂ ಸಲ್ಫೇಟ್, ಮಗುವಿನ ಭುಜ ಸಿಕ್ಕಿಕೊಂಡರೆ ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಮಡಿಸುವುದು. ಇಂಥವು ನಿಮ್ಮ ಡ್ಯೂಟಿಯ ದಿನವೇ ಬರಲಿ ಎಂದು ಕಾಯಲಾಗದು, ಕಾಯಲೂಬಾರದು. ಇವನ್ನು ಬೊಂಬೆಯ ಮೇಲೆ ಗೆಳೆಯರೊಡನೆ ಮತ್ತೆ ಮತ್ತೆ ಮಾಡಿ, ಒಬ್ಬರು ಗಡಿಯಾರ ಹಿಡಿಯಲಿ, ಒಬ್ಬರು ಔಷಧಿಯ ಡೋಸ್ ಗಟ್ಟಿಯಾಗಿ ಹೇಳಲಿ.

ಉತ್ತರ 3 (ಹಿರಿಯ ಶುಶ್ರೂಷಾಧಿಕಾರಿ, ಲೇಬರ್ ವಾರ್ಡ್)

ಡಾಕ್ಟರುಗಳು ಹೇಳದ ಎರಡು ಮಾತುಗಳನ್ನು ಸೇರಿಸುತ್ತೇನೆ. ನೀವು ಹುಡುಗರು ನೇರವಾಗಿ ಲೇಬರ್ ರೂಮಿಗೆ ಬಂದರೆ ಆ ತಾಯಿಗೆ ನೀವು ಅಪರಿಚಿತ ಗಂಡಸು. ಅದರ ಬದಲು ಬಿಪಿಗೋ ರಕ್ತಹೀನತೆಗೋ ಅಡ್ಮಿಟ್ ಆಗಿ ದಿನಗಟ್ಟಲೆ ಮಲಗಿರುವ ಗರ್ಭಿಣಿಯರ ವಾರ್ಡಿನಿಂದ ಶುರು ಮಾಡಿ. ಹೆಸರು ಹೇಳಿ, ವಿದ್ಯಾರ್ಥಿ ಎಂದು ಹೇಳಿ, ತಾಯಿ ಕಾರ್ಡನ್ನು ಕೇಳಿ ಪಡೆದು ಓದಿ, ಆಮೇಲೆ ಮಾತಾಡಿಸಿ. ಕೊನೆಯ ಮುಟ್ಟಿನ ದಿನಾಂಕ ಕೇಳಿದರೆ ಎಷ್ಟೋ ಜನ ನೆನಪಿಲ್ಲ ಎನ್ನುತ್ತಾರೆ. ಹಬ್ಬ ಹಿಡಿದು ಕೇಳಿದರೆ, "ಯುಗಾದಿ ದಿನವೇ ಮುಟ್ಟಾದೆ, ಆ ಸಲ ಹಬ್ಬದಡುಗೆಗೂ ಕೈ ಹಾಕಲಿಲ್ಲ" ಎಂದು ಖಚಿತವಾಗಿ ಹೇಳುತ್ತಾರೆ. 2024ರ ಯುಗಾದಿ ಏಪ್ರಿಲ್ 9. ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ದಿನ 2025ರ ಜನವರಿ 16 ಎಂದು ಬರುತ್ತದೆ. ಹೀಗೆ ಮಾತಾಡಿಸಿದ ವಿದ್ಯಾರ್ಥಿಯನ್ನು ಬೇನೆ ಬಂದಾಗ ಆ ತಾಯಿಯೇ "ಅವರಿರಲಿ" ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ.

ಪರೀಕ್ಷೆಯ ಹೊತ್ತಿನಲ್ಲಿ ನಮ್ಮಲ್ಲಿ ಒಬ್ಬರು, ಅಂದರೆ ಮಹಿಳಾ ಸಿಬ್ಬಂದಿ, ಜೊತೆಗಿರಲೇಬೇಕು. ನಾವು ಬರುವ ತನಕ ಕೈಗವಸು ಹಾಕಬೇಡಿ. ಪರದೆ ಎಳೆಯಿರಿ, ಬೇಕಾದಷ್ಟೇ ಬಟ್ಟೆ ಸರಿಸಿ, ಬೇನೆ ಇಳಿಯುವವರೆಗೆ ಕಾಯಿರಿ, ಸಾಕು ಎಂದರೆ ನಿಲ್ಲಿಸಿ. ಜೊತೆಗೆ ಬಂದ ತಾಯಿಯನ್ನೋ ಅತ್ತಿಗೆಯನ್ನೋ ಹೊರಗೆ ಅಟ್ಟಬೇಡಿ. ಲೇಬರ್ ರೂಮುಗಳ ಗುಣಮಟ್ಟ ಸುಧಾರಿಸುವ ಕೇಂದ್ರ ಸರ್ಕಾರದ ಲಕ್ಷ್ಯ ಕಾರ್ಯಕ್ರಮ ಬಂದಾಗಿನಿಂದ ಹೆರಿಗೆಗೆ ಜೊತೆಗಾರ್ತಿ ಇರಬೇಕೆಂಬುದು ಸರ್ಕಾರಿ ಆಸ್ಪತ್ರೆಗಳಿಗೆ ಅನ್ವಯಿಸುವ ಮಾತು. ಹೆರುತ್ತಿರುವ ತಾಯಿ ಕೂಗಿದರೆ ಗದರುವ ಹಿರಿಯರನ್ನು ನೀವು ನೋಡುತ್ತೀರಿ. ಅದನ್ನು ದಯವಿಟ್ಟು ಕಲಿಯಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ಸಂದೇಹ ಉಳಿದಿವೆ. ಗೈನಕ್ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟ ಮೇಲೆ ವಿದ್ಯಾರ್ಥಿಗಳಿಗೆ ಒಳಪರೀಕ್ಷೆ ಮಾಡಲು ಹೇಳಿದರೆ ಒಪ್ಪಬಹುದೇ, ನೋವಂತೂ ಆಗುವುದಿಲ್ಲವಲ್ಲ? ಮತ್ತು ತಾಯಿ ಬೇಡವೆಂದ ಪರೀಕ್ಷೆಯನ್ನು, ಕಲಿತ ಕೌಶಲಗಳನ್ನು ದಾಖಲಿಸುವ ಲಾಗ್‌ಬುಕ್ಕಿನಲ್ಲಿ ಹೇಗೆ ತೋರಿಸುವುದು?

ಉತ್ತರ 1 (ಒಬಿಜಿ ಪ್ರಾಧ್ಯಾಪಕಿ)

ನೋವಾಗದಿರಬಹುದು, ಆದರೆ ದೇಹ ಆಕೆಯದು. ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲಿ ವಿದ್ಯಾರ್ಥಿಯ ಕಲಿಕೆಗಾಗಿ ಮಾಡುವ ಪರೀಕ್ಷೆಯ ಒಪ್ಪಿಗೆ ತಾನಾಗಿ ಸೇರುವುದಿಲ್ಲ. ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆ ಇಂಥ ಪರೀಕ್ಷೆಗಳಿಗೆ ಮೊದಲೇ ತಿಳಿವಳಿಕೆಯ ಒಪ್ಪಿಗೆ ಪಡೆಯಬೇಕೆಂದು 2024ರಲ್ಲಿ ಆಸ್ಪತ್ರೆಗಳಿಗೆ ಸೂಚಿಸಿತು. ನಾವು ಅಂಥ ಸೂಚನೆಗೆ ಕಾಯಬೇಕಾಗಿಲ್ಲ. ಹಿಂದಿನ ಸಂಜೆ ವಾರ್ಡಿಗೆ ಹೋಗಿ ನೀವೇ ಕೇಳಿ, ಒಪ್ಪಿದರೆ ಕೇಸ್ ಶೀಟಿನಲ್ಲಿ ಬರೆಸಿ. ಒಪ್ಪದಿದ್ದರೆ ಆಪರೇಷನ್ ನೋಡಿ, ಅದರಲ್ಲೂ ಕಲಿಯುವುದು ಬಹಳವಿದೆ.

ಲಾಗ್‌ಬುಕ್ಕಿಗೆ ಹೆದರಬೇಡಿ. 2019ರ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಪ್ರತಿ ಕೌಶಲಕ್ಕೂ ತಿಳಿದಿರುವುದು, ಹೇಗೆ ಮಾಡುವುದೆಂದು ಗೊತ್ತಿರುವುದು, ಮಾಡಿ ತೋರಿಸುವುದು, ಸ್ವತಂತ್ರವಾಗಿ ಮಾಡುವುದು ಎಂಬ ಮಟ್ಟಗಳಿವೆ. ಹಲವನ್ನು ಮಾದರಿಯ ಮೇಲೆ ತೋರಿಸಿದರೂ ನಡೆಯುತ್ತದೆ. ನೋಡಿದ್ದನ್ನು ನೋಡಿದೆ ಎಂದೂ ಮಾದರಿಯ ಮೇಲೆ ಮಾಡಿದ್ದನ್ನು ಹಾಗೆಯೇ ಬರೆದೂ ಸಹಿಗೆ ತನ್ನಿ. ಮಾಡದಿದ್ದುದನ್ನು ಮಾಡಿದೆ ಎಂದು ಬರೆದ ಪುಸ್ತಕಕ್ಕೆ ಸಹಿ ಹಾಕುವ ಅಧ್ಯಾಪಕರು ನಾಳೆ ವೈದ್ಯಾಧಿಕಾರಿಗಳು ಮೇಲೆ ವಿವರಿಸಿದ ಆ ರಾತ್ರಿಗೆ ನಿಮ್ಮನ್ನು ಬರಿಗೈಯಲ್ಲಿ ಕಳುಹಿಸುತ್ತಿದ್ದಾರೆ. ಯಾವ ಕೌಶಲ ಬಾಕಿ ಉಳಿದಿದೆಯೋ ಅದರ ಪಟ್ಟಿ ಮಾಡಿ, ಪೋಸ್ಟಿಂಗ್ ಮುಗಿಯುವ ಮೊದಲೇ ನಿಮ್ಮ ಯೂನಿಟ್ ಮುಖ್ಯಸ್ಥರಿಗೆ ಕೊಟ್ಟು, ಇಂಟರ್ನ್‌ಶಿಪ್‌ನ 7 ವಾರಗಳಲ್ಲಿ ಅದನ್ನೇ ಮೊದಲು ಕಲಿಸಬೇಕೆಂದು ಕೇಳಿಕೊಳ್ಳಿ.