ಹೊಲಿಗೆ ಯೂನಿಟ್‌ಗೆ ಕೆಲಸ ಬಲ್ಲವರು ಸಿಗುತ್ತಿಲ್ಲ, ಎಲ್ಲಿ ಕೇಳಬೇಕು?

ಕೇಳಿದವರು: ಸಣ್ಣ ಗಾರ್ಮೆಂಟ್ಸ್ ಮಾಲೀಕರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಾಲಾ ಯೂನಿಫಾರ್ಮ್ ಹೊಲಿಯುವ ಯೂನಿಟ್. 26 ಜನ ಕೆಲಸಕ್ಕಿದ್ದಾರೆ, ಪಿಎಫ್, ಇಎಸ್‌ಐ ಎರಡೂ ಇದೆ. ಮೇ ತಿಂಗಳು ಬಂತು ಅಂದರೆ ಆರ್ಡರ್ ಜಾಸ್ತಿ, ಟೈಲರ್‌ಗಳು ಕಡಿಮೆ. ಕೈ ಕುದುರಿದವರು ಬೆಂಗಳೂರಿಗೆ ಹೋಗಿಬಿಡುತ್ತಾರೆ. ಹೊಸಬರಿಗೆ ಕಲಿಸೋಕೆ, ಸೇರಿಸಿಕೊಳ್ಳೋಕೆ ಸರ್ಕಾರದಿಂದ ಏನಾದರೂ ನೆರವು ಸಿಗುತ್ತಾ? ಬಳಸಿ ನೋಡಿದವರು ದಯವಿಟ್ಟು ಹೇಳಿ.

ಲೇತ್ ವರ್ಕ್‌ಶಾಪ್‌ನವರು, ಹರಿಹರ

ಸರ್, ರೆಡಿ ಕೆಲಸಗಾರರನ್ನು ಹುಡುಕೋದು ಬಿಡಿ. ಅಪ್ರೆಂಟಿಸ್ ತಗೊಳ್ಳಿ, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ಹುಡುಗರು. ನಮ್ಮೂರಲ್ಲಿ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲೇ ಟರ್ನರ್, ಫಿಟ್ಟರ್‌ಗಳು ತಯಾರಾಗುತ್ತಿದ್ದರು. ಅದು ಮುಚ್ಚಿದ ಮೇಲೆ ಕಲಿಸುವ ಕೆಲಸ ನಮ್ಮಂಥ ಸಣ್ಣವರ ತಲೆಗೇ ಬಂತು. ಬೇರೆಯವರು ಕಲಿಸಿ ಕಳಿಸಲಿ ಅಂತ ಎಲ್ಲರೂ ಕಾಯುತ್ತಾ ಕೂತರೆ ಹೇಗೆ?

1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ತಗೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ನಮ್ಮಿಷ್ಟ. ಒಟ್ಟು ಜನರ 15%ವರೆಗೆ ತಗೊಳ್ಳಬಹುದು, ನಿಮಗೆ ಮೂವರು ಬರುತ್ತಾರೆ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಯೂನಿಟ್ ನೋಂದಾಯಿಸಿ, ಹುಡುಗರ ಜೊತೆ ಕರಾರು ಅಲ್ಲೇ ಹಾಕಬೇಕು. ಓದಿಗೆ ತಕ್ಕಂತೆ ಕನಿಷ್ಠ ಸ್ಟೈಪೆಂಡ್ (ಕಲಿಕೆ ಭತ್ಯೆ) ಕೊಡಬೇಕು. ಅದರಲ್ಲಿ 25%, ತಿಂಗಳಿಗೆ ಹೆಚ್ಚೆಂದರೆ ₹1,500, ಕೇಂದ್ರ ಸರ್ಕಾರದ ಪಾಲು. ಮೊದಲು ಮಾಲೀಕರಿಗೆ ವಾಪಸ್ ಬರುತ್ತಿತ್ತು, ಈಗ ನೇರ ಹುಡುಗರ ಖಾತೆಗೆ ಹೋಗುತ್ತೆ. ನಮಗೆ ಅಲೆದಾಟ ತಪ್ಪಿತು.

ಹೊಲಿಗೆಗೂ ಇದು ಆಗುತ್ತೆ. ಐಟಿಐನಲ್ಲಿ ಸೂಯಿಂಗ್ ಟೆಕ್ನಾಲಜಿ ಅಂತ ಒಂದು ವರ್ಷದ ಟ್ರೇಡ್ ಇದೆ.

ಆದರೆ ಒಂದು ಮಾತು. ಅಪ್ರೆಂಟಿಸ್ ಅಂದರೆ ಅಗ್ಗದ ಆಳಲ್ಲ. ಕಸ ಗುಡಿಸೋಕೆ, ಟೀ ತರೋಕೆ ಇಟ್ಟುಕೊಂಡರೆ ಹುಡುಗ ಕಲಿಯಲ್ಲ, ನಿಲ್ಲೋದೂ ಇಲ್ಲ. ನಮ್ಮಲ್ಲಿ ಒಬ್ಬ ಹಿರಿಯ ಟರ್ನರ್‌ಗೆ ಬೆಳಗಿನ ಮೊದಲ ಗಂಟೆ ಕಲಿಸೋದೇ ಕೆಲಸ. ಆ ಹೊತ್ತಲ್ಲಿ ಅವರಿಂದ ಪ್ರೊಡಕ್ಷನ್ ಕೇಳುವುದಿಲ್ಲ. ಅವರು ಮೊದಲು ಲೇತ್ ಮುಟ್ಟಿಸುವುದೇ ಇಲ್ಲ. ಲೋಹ ಕೊರೆಯುವ ಟೂಲ್ ಬಿಟ್ ಗ್ರೈಂಡ್ ಮಾಡಿಸುತ್ತಾರೆ, ವರ್ನಿಯರ್ ಅನ್ನೋ ಅಳತೆ ಸಾಧನದಲ್ಲಿ ಒಂದೇ ಪೀಸನ್ನು ಮೂರು ಕಡೆ ಅಳತೆ ಮಾಡಿಸಿ ಬರೆಸುತ್ತಾರೆ. ಮೂರೂ ಅಳತೆ ಯಾಕೆ ಬೇರೆ ಬೇರೆ ಬಂತು ಅಂತ ಹುಡುಗನೇ ಬಾಯಿಬಿಟ್ಟು ಕೇಳಿದ ದಿನ ಮಷಿನ್ ಮೇಲೆ ನಿಲ್ಲಿಸುತ್ತಾರೆ.

ಗಾರ್ಮೆಂಟ್ಸ್ ಸೂಪರ್‌ವೈಸರ್, ಚಿತ್ರದುರ್ಗ

ಅಣ್ಣಾ, ನಾನು ಚಿತ್ರದುರ್ಗದ ರುಡ್‌ಸೆಟ್ ತರಬೇತಿ ಸಂಸ್ಥೆಯಲ್ಲಿ ಹೊಲಿಗೆ ಕಲಿತವಳು. 18ರಿಂದ 45 ವರ್ಷದವರಿಗೆ ಅಲ್ಲಿ ತರಬೇತಿ, ಊಟ, ವಸತಿ ಎಲ್ಲಾ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು, ಸ್ವಂತ ಉದ್ಯೋಗ ಮಾಡಲಿ ಅನ್ನೋದೇ ಅದರ ಉದ್ದೇಶ. ಹಾಗಾಗಿ ಬ್ಯಾಚ್ ಮುಗಿಸಿದವರೆಲ್ಲ ನಿಮ್ಮ ಯೂನಿಟ್‌ಗೆ ಬರುತ್ತಾರೆ ಅಂದುಕೊಳ್ಳಬೇಡಿ. ಆದರೆ ಮಷಿನ್ ಕೊಳ್ಳೋಕೆ ದುಡ್ಡಿಲ್ಲದವರು, ಮೊದಲು ಸಂಬಳ ಬೇಕು ಅನ್ನುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಬ್ಯಾಚ್ ಮುಗಿಯುವ ಮೊದಲೇ ಹೋಗಿ ಅವರ ಜೊತೆ ಮಾತಾಡಿ.

ಇನ್ನೊಂದು ವಿಷಯ. ಹೆಣ್ಣುಮಕ್ಕಳು ಹೆಚ್ಚಿನವರು ಮನೆಯಲ್ಲಿ ತುಳಿಯುವ ಮಷಿನ್‌ನಲ್ಲಿ ಕಲಿತಿರುತ್ತಾರೆ. ಮೋಟಾರ್ ಮಷಿನ್ ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಬಟ್ಟೆ ಓಡಿಹೋಗುತ್ತೆ, ಹೆದರಿಬಿಡುತ್ತಾರೆ. ಮೊದಲ ದಿನವೇ ಕಾಲರ್ ಕೊಟ್ಟರೆ ಹಾಳಾಗುತ್ತೆ, ಬೈಸಿಕೊಳ್ಳುತ್ತಾರೆ, ಮರುದಿನ ಬರುವುದಿಲ್ಲ. ನಾವು ಗೆರೆ ಎಳೆದ ಕಾಗದ ಕೊಡುತ್ತೇವೆ. ಸೂಜಿಗೆ ದಾರ ಇರಲ್ಲ. ಗೆರೆ ಮೇಲೆ ನೇರವಾಗಿ ತೂತು ಬೀಳಬೇಕು ಅಷ್ಟೇ. ಆಮೇಲೆ ತಿರುವು, ಮೂಲೆ. ಕಾಗದಕ್ಕೆ ಯಾರೂ ಬೈಯಲ್ಲ, ಅದೇ ಮುಖ್ಯ. ಕಾಲು ಹದಕ್ಕೆ ಬಂದ ಮೇಲೆ ಚಿಂದಿ ಬಟ್ಟೆ, ಕೊನೆಗೆ ಪಟ್ಟಿ, ಜೇಬು.

ಬಸ್ ವಿಚಾರವನ್ನೂ ನೋಡಿಕೊಳ್ಳಿ. ಶಕ್ತಿ ಯೋಜನೆ ಬಂದಾಗಿನಿಂದ, ಅಂದರೆ 2023ರ ಜೂನ್‌ನಿಂದ, ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ಇಲ್ಲ. ಆದರೆ ನಮ್ಮ ಕಡೆ ಹಳ್ಳಿಗಳಿಗೆ ಖಾಸಗಿ ಬಸ್ಸುಗಳೇ ಜಾಸ್ತಿ ಅಲ್ವಾ, ಅದರಲ್ಲಿ ದುಡ್ಡು ಕೊಡಲೇಬೇಕು. ಶುರುವಿನ ಸಂಬಳದಲ್ಲಿ ಬಸ್ ಚಾರ್ಜ್ ಕಳೆದರೆ ಕೈಗೇನೂ ಉಳಿಯಲ್ಲ. ನಮ್ಮ ಮಾಲೀಕರು ಸರ್ಕಾರಿ ಬಸ್ ಬರುವ ಹೊತ್ತಿಗೆ ಶಿಫ್ಟ್ ಸ್ವಲ್ಪ ತಡ ಮಾಡಿದರು. ಬಿಟ್ಟುಹೋಗುವವರು ಕಡಿಮೆಯಾದರು. ಶೌಚಾಲಯಕ್ಕೆ ಒಳಗಿಂದ ಚಿಲಕ, ನೀರು ಇರಬೇಕು ಅಂತ ಹೇಳೋಕೆ ಸಂಕೋಚ ಆಗುತ್ತೆ, ಆದರೂ ಹೇಳುತ್ತಿದ್ದೇನೆ. ಇದಿಲ್ಲದೆ ಹೋದರೆ ಯಾವ ಸ್ಕೀಮ್ ತಂದರೂ ಹೆಣ್ಣುಮಕ್ಕಳು ನಿಲ್ಲುವುದಿಲ್ಲ.

ಪಿಎಫ್ ಲೆಕ್ಕ ನೋಡುವವರು, ದಾವಣಗೆರೆ

ನೀವು ಆಗಲೇ ಪಿಎಫ್‌ನಲ್ಲಿ ಇರೋದು ಒಳ್ಳೆಯದಾಯಿತು. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ನೋಡಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಸೇರಿದವರಿಗೆ ಅನ್ವಯ. 50ಕ್ಕಿಂತ ಕಡಿಮೆ ಜನ ಇರುವ ಯೂನಿಟ್ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿಕೊಂಡು ಆರು ತಿಂಗಳು ಉಳಿಸಿಕೊಳ್ಳಬೇಕು. ಪಿಎಫ್ ಲೆಕ್ಕ ಹಾಕುವ ಸಂಬಳ ₹10,000 ದಾಟಿ ₹20,000 ಒಳಗಿದ್ದರೆ ತಲಾ ತಿಂಗಳಿಗೆ ₹2,000 ಮಾಲೀಕರಿಗೆ ಬರುತ್ತೆ. ಉತ್ಪಾದನೆ ಮಾಡುವವರಿಗೆ ಇದು ನಾಲ್ಕು ವರ್ಷ. ಮೊದಲ ಸಲ ಪಿಎಫ್‌ಗೆ ಬರುವ ಕೆಲಸಗಾರರಿಗೂ ₹15,000ವರೆಗೆ ಎರಡು ಕಂತಿನಲ್ಲಿ ಸಿಗುತ್ತೆ. ಎರಡನೇ ಕಂತು ಹನ್ನೆರಡು ತಿಂಗಳು ಕೆಲಸದಲ್ಲಿ ಇದ್ದವರಿಗೆ ಮಾತ್ರ. ಸೇರುವ ದಿನವೇ ಇದನ್ನು ಅವರಿಗೆ ಬಿಡಿಸಿ ಹೇಳಿ. ಬೆಂಗಳೂರಿಗೆ ಹೋಗೋ ಮುಂಚೆ ಒಂದು ಸಲ ಯೋಚನೆ ಮಾಡುತ್ತಾರೆ.

ತಿಂಗಳ ಪಿಎಫ್ ರಿಟರ್ನ್ ತಪ್ಪಿಸಬೇಡಿ. ಸುಮ್ನೆ ಹೆಸರಿಗೆ ಇಬ್ಬರನ್ನು ತೋರಿಸಿ ದುಡ್ಡು ಮಾಡಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ.

ಎಣ್ಣೆ ಮಿಲ್‌ನವರು, ಚಳ್ಳಕೆರೆ

ಉದ್ಯೋಗ ಮೇಳದ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಅಲ್ಲಿಗೆ ಬರುವ ಹುಡುಗರ ಕಣ್ಣು ದೊಡ್ಡ ಕಂಪನಿಗಳ ಮೇಲೆ. ಸಣ್ಣವರ ಟೇಬಲ್ ಹತ್ತಿರ ನಿಲ್ಲೋರು ಕಮ್ಮಿ. ಅದಕ್ಕಿಂತ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರಕ್ಕೆ ಖಾಲಿ ಹುದ್ದೆ ಬರೆದುಕೊಡಿ, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹಾಕಿ. ಸಂಬಳ ಎಷ್ಟು, ಊರು ಯಾವುದು ಅಂತ ಬಿಚ್ಚಿ ಬರೆದರೆ ಹತ್ತಿರದವರೇ ಫೋನ್ ಮಾಡುತ್ತಾರೆ. ನಮಗೆ ಹಾಗೆ ಸಿಕ್ಕ ಮೆಕ್ಯಾನಿಕ್ ಇನ್ನೂ ಇದ್ದಾನೆ.

ಕೇಳಿದವರು

ತುಂಬಾ ಉಪಕಾರ ಆಯಿತು. ಅಪ್ರೆಂಟಿಸ್‌ಗೂ ಪಿಎಫ್, ಇಎಸ್‌ಐ ಕಟ್ಟಬೇಕಾ? ಸೂಜಿ ಚುಚ್ಚಿದರೆ, ಪೆಟ್ಟಾದರೆ ಯಾರು ಹೊಣೆ?

ಲೇತ್ ವರ್ಕ್‌ಶಾಪ್‌ನವರು, ಹರಿಹರ

ಕಾಯ್ದೆ ಪ್ರಕಾರ ಕರಾರು ಹಾಕಿದ ಅಪ್ರೆಂಟಿಸ್‌ಗೆ ಎರಡೂ ಇಲ್ಲ. ಆದರೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ನಾವೇ ಕೊಡಬೇಕು. ಮೊದಲೇ ವಿಮೆ ಮಾಡಿಸಿ. ಪಿಎಫ್ ಇಲ್ಲದ್ದರಿಂದ ಮೇಲಿನ ಸರ್ ಹೇಳಿದ ಯೋಜನೆಗೆ ಅವರು ಲೆಕ್ಕಕ್ಕೆ ಬರುವುದಿಲ್ಲ. ಅಪ್ರೆಂಟಿಸ್ ಅವಧಿ ಮುಗಿದ ಮೇಲೆ ಅದೇ ಹುಡುಗಿಯನ್ನು 2027ರ ಜುಲೈ ಒಳಗೆ ಕಾಯಂ ಮಾಡಿಕೊಂಡರೆ ಆಗ ಬರುತ್ತಾರೆ. ನಿಮ್ಮ ಸೀಸನ್ ಮೇನಲ್ಲಿ ಅಂದಿರಿ. ಹಾಗಾದರೆ ಐಟಿಐ ಹೊಸ ಬ್ಯಾಚ್ ಹೊರಗೆ ಬರುವ ಹೊತ್ತಿಗೇ ಪ್ರಿನ್ಸಿಪಾಲರನ್ನು ನೋಡಿ ಬನ್ನಿ, ಸೀಸನ್ ಹೊತ್ತಿಗೆ ಅವರ ಕೈ ಕೂತಿರುತ್ತೆ.